ಲಂಡನ್–ಟೋಕಿಯೊ: 9,600 ಕಿ.ಮೀ. ಹಾರಲು 14 ಗಂಟೆ ಏಕೆ ಬೇಕು?

ಪ್ರಶ್ನೆ

ಲಂಡನ್ನಿನಿಂದ ಟೋಕಿಯೊಗೆ ವಿಮಾನದ ದೂರ ಸುಮಾರು 9,600 ಕಿ.ಮೀ. ಎಂದು ದೂರಪಟ್ಟಿಗಳು ಹೇಳುತ್ತವೆ. ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುವುದಾದರೆ ಹನ್ನೊಂದು ಗಂಟೆಯೊಳಗೆ ತಲುಪಬೇಕಲ್ಲವೇ? ವೇಳಾಪಟ್ಟಿಯಲ್ಲಿ ಮಾತ್ರ 14 ಗಂಟೆಯ ಆಸುಪಾಸು ಎಂದಿದೆ. ಯಾವ ಲೆಕ್ಕವನ್ನು ನಂಬಬೇಕು?

ಉತ್ತರ 1

ದೂರದ ಅಂಕಿ ಸರಿಯಾಗಿಯೇ ಇದೆ. ಆದರೆ ಅದು ಭೂಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಿರಿದಾದ ದಾರಿ, ಅಂದರೆ ಮಹಾವೃತ್ತದ ಅಳತೆ. ಚಪ್ಪಟೆ ನಕ್ಷೆಯಲ್ಲಿ ಈ ದಾರಿ ಮಧ್ಯ ಏಷ್ಯಾದ ಮೇಲೆ ಸಾಗಬೇಕೆನಿಸಿದರೂ, ವಾಸ್ತವದಲ್ಲಿ ಅದು ಸ್ಕ್ಯಾಂಡಿನೇವಿಯಾ ದಾಟಿ, ಆರ್ಕ್ಟಿಕ್ ವೃತ್ತದ ಉತ್ತರಕ್ಕೆ ಬಾಗಿ, ಸೈಬೀರಿಯಾದ ಮೇಲಿನಿಂದ ಜಪಾನಿಗೆ ಇಳಿಯುತ್ತದೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ತೀವ್ರಗೊಂಡ ಬಳಿಕ ಬ್ರಿಟನ್ನಿನ ಮತ್ತು ಜಪಾನಿನ ವಿಮಾನಗಳು ರಷ್ಯಾದ ಮೇಲೆ ಹಾರುವುದು ನಿಂತಿತು. ಈಗ ಅವು ಕ್ಯಾಸ್ಪಿಯನ್ ಸಮುದ್ರ, ಕಝಾಕಿಸ್ತಾನ, ಚೀನಾಗಳ ಮೇಲೆ ದಕ್ಷಿಣದಿಂದ ಸುತ್ತುತ್ತವೆ, ಇಲ್ಲವೇ ಅಲಾಸ್ಕಾ, ಗ್ರೀನ್‌ಲ್ಯಾಂಡ್ ಕಡೆಯಿಂದ ಹೋಗುತ್ತವೆ. ಅದಕ್ಕೆ ಮೊದಲು ಇದೇ ಪ್ರಯಾಣ ಸುಮಾರು 12 ಗಂಟೆಗಳದ್ದಾಗಿತ್ತು. ಸುತ್ತುದಾರಿ ಹೊಸತೇನಲ್ಲ: ಶೀತಲ ಸಮರದ ಕಾಲದಲ್ಲಿ ಅನೇಕ ಯುರೋಪ್–ಜಪಾನ್ ವಿಮಾನಗಳು ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡೇ ಮುಂದುವರಿಯುತ್ತಿದ್ದವು.

ಉತ್ತರ 2

ಸುತ್ತುದಾರಿಯೊಂದೇ ಕಾರಣವಲ್ಲ, ಏಕೆಂದರೆ ರಷ್ಯಾದ ಆಕಾಶ ತೆರೆದಿದ್ದಾಗಲೂ ಹನ್ನೊಂದು ಗಂಟೆಯ ಭಾಗಾಕಾರ ಹೊಂದುತ್ತಿರಲಿಲ್ಲ. 900 ಕಿ.ಮೀ. ಎಂಬುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ನೆಲದ ಮೇಲಿನ ವೇಗ ತಿಳಿಯಲು ಗಾಳಿಯ ವೇಗವನ್ನು ಕೂಡಬೇಕು ಅಥವಾ ಕಳೆಯಬೇಕು. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಚಳಿಗಾಲದಲ್ಲಿ ಜಪಾನಿನ ಬಳಿ ಗಂಟೆಗೆ 300 ಕಿ.ಮೀ. ಮೀರುವುದೂ ಉಂಟು. ಟೋಕಿಯೊದಿಂದ ಹೊರಟ ಕೆಲವು ವಿಮಾನಗಳು ಲಂಡನ್ ಪಶ್ಚಿಮದಲ್ಲಿದ್ದರೂ ಪೂರ್ವಕ್ಕೆ ತಿರುಗಿ ಅಲಾಸ್ಕಾದ ದಾರಿ ಹಿಡಿಯುವುದರ ಗುಟ್ಟು ಇದೇ: ದೂರ ಹೆಚ್ಚಿದರೂ ಗಾಳಿ ಬೆನ್ನಿಗಿರುತ್ತದೆ. ವೇಳಾಪಟ್ಟಿಯ ಅವಧಿಯು ನಿಲುಗಡೆಯಿಂದ ನಿಲುಗಡೆಯವರೆಗಿನದು ಎಂಬುದನ್ನೂ ಮರೆಯಬಾರದು. ರನ್‌ವೇವರೆಗಿನ ಓಡಾಟವೂ ಇಳಿಯುವ ಮುನ್ನ ಕಾಯುವ ವೇಳೆಯೂ ಅದರೊಳಗೇ ಸೇರಿರುತ್ತವೆ.

ಪ್ರಶ್ನಿಸಿದವರು

ಈಗ ತಿಳಿಯಿತು. ಹಾಗಾದರೆ ಬೆಳಿಗ್ಗೆ 10ಕ್ಕೆ ಟೋಕಿಯೊ ಬಿಟ್ಟ ವಿಮಾನ ಅದೇ ದಿನ ಮಧ್ಯಾಹ್ನ 3.30ಕ್ಕೆ ಲಂಡನ್ ತಲುಪುವುದು ಹೇಗೆ? ಅದು ಐದೂವರೆ ಗಂಟೆಯಷ್ಟೇ ಆಯಿತಲ್ಲ! ಅಲಾಸ್ಕಾದ ದಾರಿಯಾದರೆ ನಡುವೆ ದಿನಾಂಕ ರೇಖೆಯನ್ನೂ (ದಾಟಿದಾಗ ದಿನಾಂಕ ಬದಲಾಗುವ, ಪೆಸಿಫಿಕ್ ಸಾಗರದ ನಡುವಿನ ಕಲ್ಪಿತ ಗೆರೆ) ದಾಟುತ್ತದೆ.

ಉತ್ತರ 3

ದಿನಾಂಕ ರೇಖೆಯನ್ನು ಲೆಕ್ಕಕ್ಕೇ ತರಬೇಡಿ, ಅದು ಗೊಂದಲವನ್ನಷ್ಟೇ ಹೆಚ್ಚಿಸುತ್ತದೆ. ಎರಡೂ ವೇಳೆಗಳನ್ನು ಒಂದೇ ಗಡಿಯಾರಕ್ಕೆ ತನ್ನಿ. ಚಳಿಗಾಲದಲ್ಲಿ ಟೋಕಿಯೊ ಲಂಡನ್ನಿಗಿಂತ 9 ಗಂಟೆ ಮುಂದಿರುತ್ತದೆ. ಆದ್ದರಿಂದ ನೀವು ಹೇಳಿದ ವಿಮಾನ ಹೊರಡುವಾಗ ಲಂಡನ್ನಿನಲ್ಲಿ ರಾತ್ರಿ 1 ಗಂಟೆ. ಅಲ್ಲಿಂದ ಮಧ್ಯಾಹ್ನ 3.30ರವರೆಗೆ ಹದಿನಾಲ್ಕೂವರೆ ಗಂಟೆ. ಬೇಸಿಗೆಯಲ್ಲಿ ಬ್ರಿಟನ್ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಜಪಾನ್ ತಿರುಗಿಸುವುದಿಲ್ಲ. ಆಗ 9ರ ಬದಲು 8 ಗಂಟೆ ಕಳೆಯಿರಿ.