ಅತ್ತೆಗೆ ಸಂಜೆ ಹೊತ್ತು ವಿಪರೀತ ಸಿಟ್ಟು, ಇದು ಶುಗರ್‌ನಿಂದ ಇರಬಹುದಾ?

ನಿದ್ದೆಗೆಟ್ಟ ಸೊಸೆ
ನಮ್ಮ ಅತ್ತೆಗೆ 76 ವರ್ಷ. ಶುಗರ್ ಬಂದು 18 ವರ್ಷ ಆಯಿತು. ಬೆಳಿಗ್ಗೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಎರಡೂ ತೆಗೆದುಕೊಳ್ಳುತ್ತಾರೆ. ಬಿಪಿಗೆ ಅಟೆನೊಲಾಲ್. ಎರಡು ತಿಂಗಳಿಂದ ಹಸಿವಿಲ್ಲ ಅಂತ ಮಧ್ಯಾಹ್ನದ ಊಟ ಅರ್ಧಕ್ಕೇ ಬಿಡುತ್ತಾರೆ. ಸಂಜೆ ಐದಾದರೆ ಸುಮ್ನೆ ಸುಮ್ನೆ ರೇಗಾಟ. ಮೊನ್ನೆ ನನ್ನನ್ನೇ ನೋಡಿ "ನೀನ್ಯಾರಮ್ಮ?" ಅಂದರು. ಕುತ್ತಿಗೆಯೆಲ್ಲ ಬೆವರು. ರಾತ್ರಿ ಊಟ ಆದಮೇಲೆ ಏನೂ ಆಗದವರ ಹಾಗೆ ಟಿವಿ ನೋಡುತ್ತಾ ಕೂತಿದ್ದರು. ಮರೆವಿನ ಕಾಯಿಲೆ ಶುರುವಾಯಿತು ಅಂತ ನನಗೆ ಭಯ.

ಇನ್ನೊಂದು ವಿಷಯ. ಅವರ ದಿಂಬಿನ ಕೆಳಗೆ ಸಕ್ಕರೆ ಪೊಟ್ಟಣ ಸಿಕ್ಕಿತು. ಸಿಟ್ಟು ಬಂದು ಕಿತ್ತುಕೊಂಡೆ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಮನೆಯಲ್ಲಿ ನಾನು ಸೊಸೆಯೋ ಪೊಲೀಸೋ ಗೊತ್ತಾಗುತ್ತಿಲ್ಲ.

ಹಳೇ ನರ್ಸ್
ಮೊದಲು ಆ ಪೊಟ್ಟಣ ವಾಪಸ್ ಕೊಡಿ ಅಮ್ಮ. ನೀವು ಹೇಳುವುದು ಶುಗರ್ ಇಳಿದಾಗಿನ ಲಕ್ಷಣದ ಹಾಗೇ ಇದೆ. ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗಾಗುವುದು ಅಪರೂಪ. ಗ್ಲಿಮಿಪಿರೈಡ್ ಹಾಗಲ್ಲ, ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ಅದು ನೋಡುವುದಿಲ್ಲ, ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ವಯಸ್ಸಾದಂತೆ ಕಿಡ್ನಿ ನಿಧಾನವಾದರೆ ಮಾತ್ರೆ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ.

ಮತ್ತೆ ಹಾಗಾದಾಗ ಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು–ನಾಲ್ಕು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಊಟ ಮಾಡಿಸಿ. ಈ ಮಾತ್ರೆಯವರಿಗೆ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು, ರಾತ್ರಿ ಒಂದು ಕಣ್ಣಿಡಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ತಕ್ಷಣ ಆಂಬುಲೆನ್ಸ್ ಕರೆಯಿರಿ.

ಒಬ್ಬ ಮಗ
ನಮ್ಮ ಅಪ್ಪನಿಗೂ ಅಟೆನೊಲಾಲ್ ಇತ್ತು. ಶುಗರ್ ಇಳಿದರೂ ಎದೆ ಹೊಡೆದುಕೊಳ್ಳುವುದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ಮಾತ್ರೆ ಅದನ್ನು ಮುಚ್ಚಿಬಿಡುತ್ತದಂತೆ. ಬೆವರು ಮಾತ್ರ ಬರುತ್ತಿತ್ತು. ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) 6.1 ಬಂತು ಅಂತ ನಾವು ಖುಷಿಪಟ್ಟಿದ್ದೇ ಪಟ್ಟಿದ್ದು! ಡಾಕ್ಟರ್ ನೋಡಿ, ಈ ವಯಸ್ಸಲ್ಲಿ, ಗ್ಲಿಮಿಪಿರೈಡ್‌ನಂಥ ಮಾತ್ರೆ ಮೇಲೆ ಇಷ್ಟು ಕಡಿಮೆ ಬೇಡ, 8ರ ಒಳಗಿದ್ದರೆ ಸಾಕು ಅಂದರು.

ದಾರಿಹೋಕ
ಹಾಗಾದರೆ ಮಾತ್ರೆ ನಿಲ್ಲಿಸಿಬಿಡಿ, ಮುಗೀತು.

ಹಳೇ ನರ್ಸ್
@ದಾರಿಹೋಕ, ಹಾಗೆಲ್ಲ ಹೇಳಬೇಡಿ. ಇವತ್ತೇ ಡಾಕ್ಟರ್‌ಗೆ ಫೋನ್ ಮಾಡಿ ಕೇಳಲಿ, ಅವರು ಹೇಳಿದ ಹಾಗೆ ಮಾಡಲಿ. ಅದರಲ್ಲೂ ಬಿಪಿ ಮಾತ್ರೆ ತಟಕ್ಕನೆ ಬಿಟ್ಟರೆ ಹೃದಯಕ್ಕೆ ಕಷ್ಟ.

ನಿದ್ದೆಗೆಟ್ಟ ಸೊಸೆ
ನಿನ್ನೆ ಸಂಜೆ ನೋಡಿದೆ, 54! ಕೈ ನಡುಗಿದ್ದು ನನಗೆ. ಸಕ್ಕರೆ ನೀರು ಕುಡಿಸಿದೆ, ಕಾಲು ಗಂಟೆಗೆ 88. ರಾತ್ರಿ ಎರಡು ಸಲ ಎದ್ದು ನೋಡಿದೆ. ಬೆಳಿಗ್ಗೆ ಡಾಕ್ಟರ್ ಗ್ಲಿಮಿಪಿರೈಡ್ ನಿಲ್ಲಿಸಿದರು, ಕಿಡ್ನಿ ಹೇಗಿದೆ ನೋಡಲು ಕ್ರಿಯಾಟಿನಿನ್ ಟೆಸ್ಟ್ ಬರೆದುಕೊಟ್ಟರು. ಅಟೆನೊಲಾಲ್ ಸದ್ಯಕ್ಕೆ ಹಾಗೇ ಇರಲಿ ಅಂದರು.

ಬರುವಾಗ ದಾರಿಯಲ್ಲಿ ಪೊಟ್ಟಣದ ವಿಷಯ ಕೇಳಿದೆ. "ತಲೆ ಸುತ್ತಿದಾಗ ಒಂದು ಚೂರು ಬಾಯಿಗೆ ಹಾಕಿಕೊಂಡರೆ ಸರಿ ಹೋಗುತ್ತಿತ್ತು. ಹೇಳಿದರೆ ನೀನು ಬೈತೀಯಲ್ಲ" ಅಂದರು. ನಾನು ಆಸೆಗೆ ಕದ್ದು ತಿನ್ನುತ್ತಿದ್ದಾರೆ ಅಂದುಕೊಂಡಿದ್ದೆ. ಔಷಧಿಯನ್ನೇ ಕಿತ್ತುಕೊಂಡಿದ್ದೆ ನೋಡಿ. ಪೊಟ್ಟಣ ಈಗ ಮೀಟರ್ ಪಕ್ಕದಲ್ಲೇ ಇದೆ. ಆದರೆ ಬೆರಳು ಚುಚ್ಚುವುದು ಅಂದರೆ ಮುಖ ತಿರುಗಿಸುತ್ತಾರೆ. ಏನು ಮಾಡಲಿ?

ಹಳೇ ನರ್ಸ್
ಬೆರಳ ತುದಿಯ ನಟ್ಟನಡುವೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ. ನೋವು ಕಡಿಮೆ. ದಿನಾ ಬೆರಳು ಬದಲಿಸಿ. ಮೊದಲು ಬಿಸಿ ನೀರಲ್ಲಿ ಕೈ ತೊಳೆದು ಒರೆಸಿ. ಸಕ್ಕರೆ ಮುಟ್ಟಿದ ಕೈಯಲ್ಲಿ ನೋಡಿದರೆ ಮೀಟರ್ ಸುಳ್ಳು ಹೇಳುತ್ತದೆ. ಯಾವ ಬೆರಳು ಅಂತ ಅವರೇ ಹೇಳಲಿ ಬಿಡಿ.