ಡಿ-ಅಡಿಕ್ಷನ್ ಕೌನ್ಸೆಲಿಂಗ್ ಆನ್‌ಲೈನಲ್ಲಿ ಓದಬಹುದಾ?

ಹಾಸನದ ಹುಡುಗಿ: ಬಿಎ ಆಗಿದೆ, ಅಂಗಡಿ ಬಿಟ್ಟು ಹೋಗೋದು ಕಷ್ಟ. ಅಪ್ಪ ಅಕ್ಕಿ ಮೂಟೆ ಹಿಂದೆ ಕ್ವಾರ್ಟರ್ ಬಚ್ಚಿಡೋದನ್ನ ನೋಡ್ಕೊಂಡೇ ಬೆಳೆದೋಳು ನಾನು, ಇದೇ ಫೀಲ್ಡಲ್ಲಿ ಕೆಲಸ ಮಾಡ್ಬೇಕು ಅಂತ ತುಂಬಾ ಆಸೆ. ಆನ್‌ಲೈನ್ ಸೈಕಾಲಜಿ ಡಿಗ್ರಿ ಮಾಡ್ಲಾ?

ಮಂಜು: ದುಡ್ಡು ಕಟ್ಬೇಡಿ ಮೇಡಂ! 2025ರ ಜುಲೈ-ಆಗಸ್ಟ್ ಬ್ಯಾಚಿಂದ ಸೈಕಾಲಜಿನ ಆನ್‌ಲೈನ್, ಡಿಸ್ಟೆನ್ಸ್ ಎರಡರಲ್ಲೂ ಕೊಡಬಾರ್ದು ಅಂತ ಯುಜಿಸಿ ಹೇಳಿದೆ.

ಸರೋಜಕ್ಕ: ನಾನು ಕೌನ್ಸೆಲರ್. ರೆಗ್ಯುಲರ್ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಮಾಸ್ಟರ್ ಡಿಗ್ರಿ) ಮಾಡಮ್ಮಾ, ಫೀಲ್ಡ್‌ವರ್ಕ್ ಇರತ್ತೆ. ಕುಡಿತ ಬಿಟ್ಟ ಎರಡ್ನೇ ದಿನ ಟೀ ಲೋಟ ಹಿಡಿಯೋಕಾಗ್ದೆ ನಡುಗ್ತಿರೋ ಕೈನ ಎದುರಿಗೆ ಕೂತು ನೋಡ್ಬೇಕು, ಅದು ವಿಡಿಯೋದಲ್ಲಿ ಬರಲ್ಲ. ಅಪ್ಪಂಗೆ ಮನೇಲೇ ಒಂದೇ ಸಲ ಬಿಡಿಸ್ಬೇಡ, ಫಿಟ್ಸ್ ಬರಬಹುದು, ಡಿ-ಅಡಿಕ್ಷನ್ ಹೆಲ್ಪ್‌ಲೈನ್ 14446ಗೆ ಫೋನ್ ಮಾಡಿ ಕೇಳು.

ಹಾಸನದ ಹುಡುಗಿ: ಅಪ್ಪ ಹೋಗಿ ಎರಡು ವರ್ಷ ಆಯ್ತು ಅಕ್ಕ. ಅಂಗಡಿ ತಮ್ಮಂಗೆ ಒಪ್ಪಿಸಿ ನಾಳೆನೇ ಕಾಲೇಜಲ್ಲಿ ವಿಚಾರಿಸ್ತೀನಿ.