ರೂಮ್ ಹೀಟರ್‌ಗೆ ಸ್ಮಾರ್ಟ್ ಪ್ಲಗ್ ಹಾಕಬಹುದಾ?

ಪ್ರಶ್ನೆ: 2000 ವಾಟ್‌ನ ಆಯಿಲ್ ಹೀಟರ್ ಇದೆ. ಮನೆಗೆ ಬರುವ ಅರ್ಧ ಗಂಟೆ ಮೊದಲೇ ಫೋನ್‌ನಿಂದ ಆನ್ ಮಾಡಬೇಕು. 10 ಆಂಪಿಯರ್‌ನ ಸ್ಮಾರ್ಟ್ ಪ್ಲಗ್ (ಸಾಕೆಟ್‌ಗೂ ಹೀಟರ್‌ಗೂ ನಡುವೆ ಹಾಕಿ ಆ್ಯಪ್‌ನಿಂದ ಆನ್-ಆಫ್ ಮಾಡುವಂಥದ್ದು) ಸಾಕಾ?

ಉತ್ತರ: 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಸುಮಾರು 8.7 ಆಂಪಿಯರ್, ಸಾಕು ಅನ್ನಿಸುತ್ತದೆ ಅಲ್ವಾ? ಆದರೆ ಹೀಟರ್ ಅಷ್ಟು ಕರೆಂಟನ್ನು ತುಂಬಾ ಹೊತ್ತು ಎಳೆಯುತ್ತದೆ, ಪ್ಲಗ್ ಒಳಗಿನ ರಿಲೇ (ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ಬಿಸಿಯಾಗಿ ಅಂಟಿಕೊಂಡರೆ ಆ್ಯಪ್‌ನಲ್ಲಿ ಆಫ್ ಅಂತ ತೋರಿಸಿದರೂ ಹೀಟರ್ ಉರಿಯುತ್ತಲೇ ಇರುತ್ತದೆ. 16 ಆಂಪಿಯರ್‌ದೇ ತಗೊಳ್ಳಿ. ಗೋಡೆಯ ಸಾಕೆಟ್, ವೈರ್ ಕೂಡ ಅಷ್ಟು ತಡೆಯಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಬೇಡವೇ ಬೇಡ.

ಇನ್ನೊಬ್ಬರು: ನಿಮ್ಮದು ತಿರುಗಿಸುವ ನಾಬ್ ಇರೋದಾ, ಟಚ್ ಬಟನ್ನಾ? ಟಚ್ ಆದರೆ ಪ್ಲಗ್ ಆನ್ ಆದರೂ ಎಷ್ಟೋ ಹೀಟರ್‌ಗಳು ಸ್ಟ್ಯಾಂಡ್‌ಬೈನಲ್ಲೇ ನಿಲ್ಲುತ್ತವೆ, ಬಟನ್ ಒತ್ತುವ ತನಕ ಬಿಸಿಯಾಗಲ್ಲ. ಹೀಟರ್ ಓಡುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿ ನೋಡಿ, ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು: ನಾಬ್ ಇರೋದೇ. ತಾನಾಗೇ ಶುರುವಾಗುತ್ತದೆ.

ಮತ್ತೊಬ್ಬರು: ಹಾಗಾದರೆ ಇನ್ನೂ ಜಾಸ್ತಿ ಹುಷಾರು. ಯಾರೂ ಇಲ್ಲದಾಗ ಅದರ ಮೇಲೆ ಟವೆಲ್ ಬಿದ್ದಿದ್ದರೆ? ಟೈಮರ್, ಸ್ಮಾರ್ಟ್ ಪ್ಲಗ್ ಹಾಕಬೇಡಿ ಅಂತ ಎಷ್ಟೋ ಮ್ಯಾನ್ಯುಯಲ್‌ಗಳಲ್ಲೇ ಬರೆದಿರುತ್ತದೆ, ಮೊದಲು ಅದನ್ನು ಓದಿ. ನನ್ನ ಕೇಳಿದರೆ ಆ್ಯಪ್ ಜೊತೆಗೇ ಬರುವ ಹೀಟರ್ ವಾಸಿ. ಪ್ಲಗ್ಗೇ ಬೇಕು ಅಂದರೆ ಕರೆಂಟ್ ಹೋಗಿ ಬಂದಾಗ ಆಫ್ ಆಗಿಯೇ ಇರುವ ಹಾಗೆ ಸೆಟ್ಟಿಂಗ್ ಬದಲಿಸಿ.